ಮುಳ್ಳು, ಗೆರೆ, ಕಿಲೋಮೀಟರ್ ಅಂಕಿ: ಪೆಟ್ರೋಲ್ ಲೆಕ್ಕಕ್ಕೆ ಯಾವುದನ್ನು ನಂಬೋದು?

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸಲು ಹಳೆಯದರಲ್ಲಿ ಮುಳ್ಳು. ಹೊಸದರಲ್ಲಿ ಎಂಟು ಗೆರೆ, ಪಕ್ಕದಲ್ಲೇ ‘ಇನ್ನು ಇಷ್ಟು ಕಿಲೋಮೀಟರ್ ಓಡುತ್ತೆ’ ಎನ್ನುವ ಅಂಕಿ. ಸೊನ್ನೆ ಮಾಡಿದಲ್ಲಿಂದ ಓಡಿದ ದೂರ ತೋರಿಸುವ ಟ್ರಿಪ್ ಮೀಟರ್ ಎರಡರಲ್ಲೂ ಇದೆ. ಬೆಂಗಳೂರು–ಮಂಗಳೂರು ಓಡಾಟದಲ್ಲಿ ಈ ನಾಲ್ಕನ್ನೂ ಗಮನಿಸುತ್ತಾ ಬಂದಿದ್ದೇನೆ. ನನ್ನ ಓಟು ಟ್ರಿಪ್ ಮೀಟರಿಗೆ. ಉಳಿದ ಮೂರೂ ಒಂದೇ ಮನೆಯ ಸಾಕ್ಷಿಗಳಿದ್ದಂತೆ: ಟ್ಯಾಂಕಿನೊಳಗೆ ತೇಲುವ ಫ್ಲೋಟ್ ಹೇಳಿದ್ದನ್ನೇ ತಮ್ಮ ತಮ್ಮ ಧಾಟಿಯಲ್ಲಿ ಹೇಳುತ್ತವೆ.

ಮುಳ್ಳಿನ ಕಥೆ ಗೊತ್ತೇ ಇದೆ. ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ತುಂಬಾ ದೂರ ‘ಎಫ್’ ಬಿಟ್ಟು ಕದಲುವುದಿಲ್ಲ. ಅರ್ಧ ದಾಟಿತೋ, ಸರಸರ ಇಳಿಯುತ್ತದೆ. ಕಾರಣ ಸರಳ. ಫ್ಲೋಟ್ ಮೇಲೆ ಹೋಗಿ ತಾಗಿ ನಿಂತ ಮೇಲೂ ಟ್ಯಾಂಕಿಗೆ, ಅದರ ಕುತ್ತಿಗೆಗೆ ಇನ್ನಷ್ಟು ಪೆಟ್ರೋಲ್ ಹಿಡಿಯುತ್ತದೆ. ಅದು ಖರ್ಚಾಗುವ ತನಕ ಫ್ಲೋಟ್ ಇಳಿಯುವುದೇ ಇಲ್ಲ. ಅದೂ ಅಲ್ಲದೆ ಟ್ಯಾಂಕ್ ನೆಟ್ಟಗಿನ ಡಬ್ಬಿಯಲ್ಲ. ಸೀಟಿನ ಕೆಳಗೆ ಸಿಕ್ಕ ಜಾಗಕ್ಕೆ ತಕ್ಕಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಹಾಗಾಗಿ ಫ್ಲೋಟ್ ಒಂದು ಇಂಚು ಇಳಿದರೆ ಎಲ್ಲ ಕಡೆಯೂ ಅಷ್ಟೇ ಲೀಟರ್ ಕಮ್ಮಿಯಾಗಿರುವುದಿಲ್ಲ.

ಹಳೆ ಕಾರಿನ ಮುಳ್ಳು ಅರ್ಧದ ಹತ್ತಿರ ಕುಣಿಯಲು ಶುರುಮಾಡಿದಾಗ ಮೆಕ್ಯಾನಿಕ್ ಟ್ಯಾಂಕ್ ಯೂನಿಟ್ ಹೊರಗೆ ತೆಗೆದು ತೋರಿಸಿದರು. ಒಂದು ತಂತಿ ತೋಳು, ಅದರ ತುದಿಗೆ ಫ್ಲೋಟ್. ಇನ್ನೊಂದು ತುದಿಯಲ್ಲಿ ತೆಳ್ಳನೆಯ ಲೋಹದ ಬೆರಳು. ಸಣ್ಣ ಬಿಲ್ಲೆಯ ಮೇಲಿನ ಕಪ್ಪು ಪಟ್ಟಿಯ ಮೇಲೆ ಅದು ಜಾರುತ್ತದೆ. ಎಲ್ಲಿ ನಿಂತಿದೆ ಎನ್ನುವುದರ ಮೇಲೆ ಕರೆಂಟಿಗೆ ತಡೆ ಹೆಚ್ಚು ಕಮ್ಮಿಯಾಗುತ್ತದೆ, ಅದಕ್ಕೆ ತಕ್ಕಂತೆ ಮುಳ್ಳು ಸರಿಯುತ್ತದೆ. ನಮ್ಮದರಲ್ಲಿ ಪಟ್ಟಿಯ ನಡುಭಾಗ ಸವೆದು ಬಿಳಿಚಿಕೊಂಡಿತ್ತು. ಮುಳ್ಳು ಕುಣಿಯುತ್ತಿದ್ದದ್ದು ಸರಿಯಾಗಿ ಅಲ್ಲೇ.

ಗೆರೆಗಳು ಕುಣಿಯುವುದಿಲ್ಲ. ಕಂಪ್ಯೂಟರ್ ಸ್ವಲ್ಪ ಹೊತ್ತಿನ ಸರಾಸರಿ ತೆಗೆದು ತೋರಿಸುತ್ತದೆ. ನೋಡಲು ನೆಮ್ಮದಿ, ಆದರೆ ಮಾಹಿತಿ ಒರಟು. 35 ಲೀಟರ್ ಟ್ಯಾಂಕಿಗೆ ಎಂಟು ಗೆರೆ ಅಂದರೆ ಒಂದೊಂದಕ್ಕೂ ನಾಲ್ಕು ಲೀಟರಿಗಿಂತ ಜಾಸ್ತಿ. ಬಂಕಿನಲ್ಲಿ ಮೂರು ಲೀಟರ್ ಹಾಕಿಸಿದರೆ ಕೆಲವು ಸಲ ಒಂದು ಗೆರೆಯೂ ಏರುವುದಿಲ್ಲ. ಬಂಕಿನ ಹುಡುಗನ ಮೇಲೆ ಸುಮ್ನೆ ಅನುಮಾನ! ಇಳಿಜಾರಿನಲ್ಲಿ ನಿಲ್ಲಿಸಿದರಂತೂ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗೆರೆಯೇ ಬೇರೆ.

ಕಿಲೋಮೀಟರ್ ಅಂಕಿ ನೋಡಲು ಬಲು ನಿಖರ. ನನಗೆ ಎಲ್ಲಕ್ಕಿಂತ ಕಮ್ಮಿ ನಂಬಿಕೆ ಅದರ ಮೇಲೆ. ಉಳಿದ ಪೆಟ್ರೋಲನ್ನು ಇತ್ತೀಚಿನ ಮೈಲೇಜಿನಿಂದ ಗುಣಿಸಿ ಹೇಳುವ ಅಂದಾಜು ಅದು. ಮುಂದಿನ ರಸ್ತೆ ಹೇಗಿದೆ ಅಂತ ಅದಕ್ಕೇನು ಗೊತ್ತು? ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಕಾಲು ಆಕ್ಸಿಲರೇಟರ್ ಮೇಲೆ ಇರುವುದೇ ಇಲ್ಲ. ಗುಂಡ್ಯ ತಲುಪುವಷ್ಟರಲ್ಲಿ ಅಂಕಿ ಏರಿರುತ್ತದೆ, ಪೆಟ್ರೋಲ್ ಮಾತ್ರ ಕಮ್ಮಿಯಾಗಿರುತ್ತದೆ! ವಾಪಸ್ ಹತ್ತುವಾಗ ಅದೇ ಅಂಕಿ ಓಡಿದ ದೂರಕ್ಕಿಂತ ಬೇಗ ಕರಗುತ್ತದೆ.

ಟ್ರಿಪ್ ಮೀಟರಿಗೆ ಫ್ಲೋಟಿನ ಹಂಗಿಲ್ಲ. ಆಟೋ ಕಟ್ ಆಗುವವರೆಗೆ, ಅಂದರೆ ಬಂಕಿನ ಪೈಪು ತಾನಾಗಿಯೇ ನಿಲ್ಲುವವರೆಗೆ, ತುಂಬಿಸಿ ಸೊನ್ನೆ ಮಾಡಿ. ಮುಂದಿನ ಸಲವೂ ಆಟೋ ಕಟ್ ತನಕ ತುಂಬಿಸಿ. 300 ಕಿಲೋಮೀಟರಿಗೆ 20 ಲೀಟರ್ ಹಿಡಿದರೆ ಮೈಲೇಜ್ 15. ಪೇಟೆಗೊಂದು, ಹೈವೇಗೊಂದು ಅಂಕಿ ಇಟ್ಟುಕೊಳ್ಳಿ. ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಹಳೆಯ ಲೆಕ್ಕ ಹಾಗೇ ಹಿಡಿಯಬೇಡಿ, ಹೊಸದಾಗಿ ಅಳೆಯಿರಿ. ಇದರ ತೊಂದರೆ ಒಂದೇ. ಪ್ರತಿ ಸಲ ಫುಲ್ ಟ್ಯಾಂಕ್ ಮಾಡಿಸದವರಿಗೆ ಇದು ಅಷ್ಟು ಒಗ್ಗುವುದಿಲ್ಲ. ಅಂಥವರು ಪೆಟ್ರೋಲ್ ಕಮ್ಮಿ ಎನ್ನುವ ಹಳದಿ ದೀಪ ಹತ್ತಿದ ಕೂಡಲೇ ಬಂಕ್ ಹುಡುಕುವುದು ಒಳ್ಳೆಯದು. ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರುತ್ತದೆ, ಅದನ್ನು ತಂಪಾಗಿಡುವುದೂ ಪೆಟ್ರೋಲೇ.

ಮುಳ್ಳು ತೀರಾ ಹುಚ್ಚಾಟ ಆಡುತ್ತಿದ್ದರೆ, ಟ್ಯಾಂಕ್ ಯೂನಿಟ್ ಬದಲಿಸಲು ಹೇಳುವ ಮುಂಚೆ ಅದರ ಅರ್ಥಿಂಗ್ ವೈರ್ ಒಮ್ಮೆ ನೋಡಿಸಿ. ತುಕ್ಕು ಹಿಡಿದ ಅರ್ಥಿಂಗ್ ಕೂಡ ಇದೇ ಆಟ ಆಡಿಸುತ್ತದೆ, ಅದರ ರಿಪೇರಿ ಖರ್ಚು ಯೂನಿಟ್ ಬದಲಿಸುವುದಕ್ಕಿಂತ ಎಷ್ಟೋ ಕಮ್ಮಿ.