ಎಬಿಎ ಹಿಡಿಯುವ ಪ್ರೋಟೀನಿಗೆ ಯಾವ ಪ್ರೋಬ್? ಮೂರೂ ಮಾಡಿ ನೋಡಿದ್ದು

ಶಿರಸಿಯಲ್ಲಿ ಜುಲೈ ಮಳೆ. ಜಗಲಿಯಲ್ಲಿ ಕೂತು ತಂಗಿಯ ಮಗಳು ಕೇಳಿದಳು, "ಮಾವಾ, ಯಾವ ಪ್ರೋಬ್ ತಗಳ್ಳವು? ಎಲ್ಲರೂ ಬಯೋಟಿನ್ನೇ ಸುಲಭ ಅಂತಾರೆ." ಅವಳದು ಎಂಎಸ್ಸಿ ಪ್ರಾಜೆಕ್ಟ್. ಪ್ರೋಬ್ ಅಂದರೆ ಗಿಡದ ಹಾರ್ಮೋನಿಗೆ ಒಂದು ಬಾಲ ಕಟ್ಟಿ, ಅದನ್ನು ಹಿಡಿಯುವ ಪ್ರೋಟೀನನ್ನು ಹುಡುಕುವ ಗಾಳ; ಬಯೋಟಿನ್ ಅನ್ನುವ ವಿಟಮಿನ್ ಅಂಥ ಒಂದು ಬಾಲ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದೇ ಕೆಲಸಕ್ಕೆ ಕೈ ಹಾಕಿ ನಾಲ್ಕು ವರ್ಷ ಕಳೆದವನು. ಸುಲಭ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ನಗು ಬರುತ್ತದೆ.

ನಾನು ಬೆನ್ನು ಹತ್ತಿದ್ದು ಅಬ್ಸಿಸಿಕ್ ಆಮ್ಲ, ಅಂದರೆ ಎಬಿಎ. ನೀರು ಕಡಿಮೆಯಾದಾಗ ಎಲೆಯ ಬಾಯಿ ಮುಚ್ಚಿಸುವ ಹಾರ್ಮೋನು. ಇದು 1960ರ ದಶಕದಿಂದಲೇ ಗೊತ್ತು. ಆದರೆ ಇದರ ಮಾತು ಕೇಳಿಸಿಕೊಳ್ಳುವ ಪ್ರೋಟೀನ್, ಅಂದರೆ ರಿಸೆಪ್ಟರ್, ಖಚಿತವಾಗಿ ಸಿಕ್ಕಿದ್ದು 2009ರಲ್ಲಿ. ನಡುವೆ 2006ರಲ್ಲಿ ಒಂದು ಪ್ರೋಟೀನನ್ನು 'ಇದೇ' ಅಂತ ಸಾರಿದ್ದರು. 2008ರಲ್ಲಿ ಆ ಪ್ರಬಂಧವನ್ನೇ ವಾಪಸ್ ಪಡೆದರು.

ಅಷ್ಟು ತಡವಾಗಲು ಕಾರಣ ಇದೆ. ಲ್ಯಾಬುಗಳಲ್ಲಿ ಬಳಸುವ ಅರಾಬಿಡಾಪ್ಸಿಸ್ ಗಿಡದಲ್ಲಿ ಈ ರಿಸೆಪ್ಟರ್ ಕುಟುಂಬದಲ್ಲಿ ಒಟ್ಟು ಹದಿನಾಲ್ಕು ಅಣ್ಣತಮ್ಮಂದಿರು. ಒಂದರ ಜೀನ್ ಕೆಡಿಸಿದರೆ ಉಳಿದವು ಕೆಲಸ ಸುಧಾರಿಸಿಕೊಂಡು ಹೋಗುತ್ತವೆ, ಗಿಡದಲ್ಲಿ ಏನೂ ಗೊತ್ತಾಗುವುದಿಲ್ಲ. ಪೈರಬ್ಯಾಕ್ಟಿನ್ ಅನ್ನುವ ಕೃತಕ ರಾಸಾಯನಿಕ ಕೆಲವರನ್ನು ಮಾತ್ರ ಎಬ್ಬಿಸುತ್ತದೆ. ಹಾಗಾಗಿ ಒಂದು ಜೀನ್ ಕೆಟ್ಟಾಗಲೇ ವ್ಯತ್ಯಾಸ ಕಂಡಿತು. ಪಿವೈಆರ್1 ಅನ್ನುವ ಎಬಿಎ ರಿಸೆಪ್ಟರ್ ಸಿಕ್ಕಿದ್ದು ಹಾಗೆ. ಎಥಿಲೀನ್ ಅನ್ನುವ ಅನಿಲ ಹಾರ್ಮೋನಿನ ಕಥೆ ಇದಕ್ಕೆ ಉಲ್ಟಾ. ಬನವಾಸಿ ಕಡೆ ಅನಾನಸ್ ಬೆಳೆಯುವವರಿಗೆ ಎಥ್ರೆಲ್ ಗೊತ್ತಲ್ವಾ, ಅದರಿಂದ ಹೊರಡುವುದೇ ಎಥಿಲೀನ್. ಇಡೀ ಅಣುವಿನಲ್ಲಿ ಇರುವುದೇ ಆರು ಪರಮಾಣು. ಅದಕ್ಕೆ ಬಾಲ ಕಟ್ಟುವುದು ಎಲ್ಲಿ? ಅದರ ರಿಸೆಪ್ಟರ್ ಇಟಿಆರ್1 ಸಿಕ್ಕಿದ್ದು 1993ರಲ್ಲಿ, ಎಥಿಲೀನ್ ಕೊಟ್ಟರೂ ಜಗ್ಗದ ರೂಪಾಂತರಿ ಗಿಡಗಳಿಂದ.

ಪ್ರೋಬ್ ಯಾವುದೇ ಇರಲಿ, ನನ್ನ ಮೊದಲ ಪರೀಕ್ಷೆ ಸಾಸಿವೆ ಕಾಳಿನ ಮೇಲೆ. ಒದ್ದೆ ಫಿಲ್ಟರ್ ಕಾಗದ, ಐವತ್ತು ಕಾಳು. ಬರೀ ನೀರಿನ ತಟ್ಟೆಯಲ್ಲಿ ಎರಡನೇ ದಿನ ಬಿಳಿ ಬೇರು ಇಣುಕುತ್ತದೆ. ಎಬಿಎ ಹಾಕಿದ ತಟ್ಟೆಯಲ್ಲಿ ಕಾಳು ಉಬ್ಬಿ ಅಲ್ಲೇ ಕೂತಿರುತ್ತದೆ. ಬಾಲ ಕಟ್ಟಿದ ಎಬಿಎ ಕೂಡ ಕಾಳನ್ನು ಹೀಗೇ ತಡೆದರೆ ಮಾತ್ರ ಮುಂದಿನ ಮಾತು.

ಬಯೋಟಿನ್ ಇಲ್ಲೇ ಅರ್ಧ ಸೋತಿತು. ಎಬಿಎ ಅಣುವಿನ ತೂಕ 264, ಬಯೋಟಿನ್ನಿನದು 244. ಬಾಲವೇ ನಾಯಿಯಷ್ಟು! ಅದನ್ನು ಕಟ್ಟುವ ಜಾಗವೂ ನಾಜೂಕು. ಎಬಿಎಯ ಆಮ್ಲದ ತುದಿ ರಿಸೆಪ್ಟರಿನ ಒಳಗಿನ ಲೈಸೀನ್ ಅನ್ನುವ ಅಮೈನೊ ಆಮ್ಲವನ್ನು ಹಿಡಿಯುತ್ತದೆ, ಅಲ್ಲಿ ಕಟ್ಟಿದರೆ ಕೆಟ್ಟಿತು. ನಾನು ಇನ್ನೊಂದು ತುದಿಯ ಕೀಟೋನಿಗೆ ಕಟ್ಟಿದೆ. ಆದರೂ ಐವತ್ತರಲ್ಲಿ ಮೂವತ್ತೆಂಟು ಕಾಳು ಆರಾಮಾಗಿ ಮೊಳೆತವು. ಇರಲಿ ಅಂತ ಎಲೆ ಅರೆದು, ಬಯೋಟಿನ್ನನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಮಣಿಗಳ ಮೇಲೆ ಹಿಡಿದು, ತೊಳೆದು, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದೆ. ದಪ್ಪ ದಪ್ಪ ಬ್ಯಾಂಡುಗಳು ಬಂದವು. ಖುಷಿ ಒಂದು ವಾರ. ಆಮೇಲೆ ನೋಡಿದರೆ ಒಂದು ರುಬಿಸ್ಕೊ, ದ್ಯುತಿಸಂಶ್ಲೇಷಣೆಯ ಎಂಜೈಮು, ಎಲೆಯಲ್ಲಿ ಅದು ಎಲ್ಲಿ ಕೈ ಹಾಕಿದರೂ ಸಿಗುತ್ತದೆ. ಉಳಿದವು ಗಿಡ ತಾನೇ ಬಯೋಟಿನ್ ಅಂಟಿಸಿಕೊಂಡಿರುವ ಕಾರ್ಬಾಕ್ಸಿಲೇಸ್ ಎಂಜೈಮುಗಳು. ನನ್ನ ಪ್ರೋಬಿಗೂ ಅವಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ತೊಂದರೆ ತಡವಾಗಿ ತಲೆಗೆ ಹೋಯಿತು. ಪಿವೈಆರ್1 ಒಂಟಿಯಾಗಿದ್ದಾಗ ಎಬಿಎಯನ್ನು ಸಡಿಲವಾಗಿಯೇ ಹಿಡಿಯುತ್ತದೆ, ಜೊತೆಗೆ ಫಾಸ್ಫಟೇಸ್ ಅನ್ನುವ ಎಂಜೈಮು ಬಂದು ಕೂತರೆ ಮಾತ್ರ ಹಿಡಿತ ಬಿಗಿ. ಮಣಿ ತೊಳೆಯುವಾಗ ನನಗೆ ಬೇಕಾದದ್ದೇ ಸಿಂಕಿನಲ್ಲಿ ಹೋಗಿತ್ತು.

ಎರಡನೆಯದು ಬೆಳಕಿನ ಪ್ರೋಬ್. ಎಬಿಎಗೆ ಡೈಅಜಿರೀನ್ ಅನ್ನುವ ಪುಟ್ಟ ಮೂರು ಪರಮಾಣುವಿನ ಉಂಗುರ, ಪಕ್ಕದಲ್ಲಿ ಆಲ್ಕೈನ್ ಅನ್ನುವ ಪುಟ್ಟ ಕೊಕ್ಕೆಯಂಥ ಬಾಲ. 365 ನ್ಯಾನೊಮೀಟರಿನ ಯುವಿ ಬಿದ್ದ ಕೂಡಲೇ ಉಂಗುರ ಒಡೆದು ಪಕ್ಕದ ಪ್ರೋಟೀನಿಗೆ ಗಟ್ಟಿಯಾಗಿ ಅಂಟುತ್ತದೆ. ಇನ್ನು ಎಷ್ಟು ತೊಳೆದರೂ ಬಿಡುವುದಿಲ್ಲ. ಬಣ್ಣವನ್ನೋ ಬಯೋಟಿನ್ನನ್ನೋ ಆಲ್ಕೈನಿಗೆ ಆಮೇಲೆ ತಾಮ್ರದ ಸಹಾಯದಿಂದ ಸಿಕ್ಕಿಸಿದರಾಯಿತು. ಇದೇ ಕ್ಲಿಕ್ ಕೆಮಿಸ್ಟ್ರಿ, 2022ರ ನೊಬೆಲ್ ಬಂದದ್ದು. ಸಾಸಿವೆ ಪರೀಕ್ಷೆಯಲ್ಲಿ ಐವತ್ತರಲ್ಲಿ ಮೊಳೆತದ್ದು ಆರೇ ಆರು. ಈ ಸಲ ಕತ್ತಲಲ್ಲಿ ಬೆಳೆಸಿದ ಬಿಳಚು ಸಸಿ ತಗೊಂಡೆ, ರುಬಿಸ್ಕೊ ಕಾಟ ಕಡಿಮೆಯಾಗಲಿ ಅಂತ. ಐಸ್ ಮೇಲೆ ತಟ್ಟೆ ಇಟ್ಟು ಹತ್ತು ನಿಮಿಷ ಯುವಿ.

ಇದೂ ಸುಳ್ಳು ಹೇಳುತ್ತದೆ. ಜೆಲ್ಲಿನಲ್ಲಿ ಹನ್ನೆರಡು ಬ್ಯಾಂಡ್ ಹೊಳೆದವು. ಹಿಂದೆ ಆಕ್ಸಿನ್ ಅನ್ನುವ ಇನ್ನೊಂದು ಹಾರ್ಮೋನಿಗೆ, ಬೆಳಕು ಬಿದ್ದರೆ ಅಂಟುವ ಅಜೈಡ್ ಕಟ್ಟಿ ಹುಡುಕಿದವರಿಗೂ ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್, ಗ್ಲೂಕೋಸಿಡೇಸ್ ಥರದ ಎಂಜೈಮುಗಳು ಸಿಕ್ಕಿದ್ದವು. ಅದಕ್ಕೇ ಪಕ್ಕದ ಲೇನಿನಲ್ಲಿ ಬಾಲವಿಲ್ಲದ ಎಬಿಎಯನ್ನು ನೂರು ಪಟ್ಟು ಜಾಸ್ತಿ ಸುರಿದೆ. ಪ್ರೋಬ್ ಕೂತಿದ್ದು ಎಬಿಎಯ ಸ್ವಂತ ಜಾಗದಲ್ಲಾದರೆ ಆ ಬ್ಯಾಂಡ್ ಅಳಿಸಿಹೋಗಬೇಕು. ಹನ್ನೊಂದು ಹಾಗೇ ಉಳಿದವು. ಇಪ್ಪತ್ತೆರಡು ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರದ ಒಂದು ತೆಳು ಗೆರೆ ಮಾತ್ರ ಮಾಯ. ಪಿವೈಆರ್ ಕುಟುಂಬದ ಗಾತ್ರ ಹೆಚ್ಚುಕಡಿಮೆ ಅದೇ. ಆ ಗೆರೆ ಎಷ್ಟು ತೆಳು ಅಂದರೆ ಪಕ್ಕದ ಲೇನ್ ಇಲ್ಲದಿದ್ದರೆ ನಾನು ಅದರ ಕಡೆ ನೋಡುತ್ತಲೇ ಇರಲಿಲ್ಲ.

ಮೂರನೆಯದರಲ್ಲಿ ಪ್ರೋಬೇ ಇಲ್ಲ. ಡಾರ್ಟ್ಸ್ ಅಂತಾರೆ. ಸುಮ್ನೆ ಎಬಿಎ ಹಾಕಿ, ಮೇಲೆ ಪ್ರೋಟೀನ್ ಕತ್ತರಿಸುವ ಪ್ರೋನೇಸ್ ಎಂಜೈಮು ಬಿಡುವುದು. ಹಾರ್ಮೋನು ಹಿಡಿದ ಪ್ರೋಟೀನ್ ಸ್ವಲ್ಪ ಗಟ್ಟಿಯಾಗಿ, ನಿಧಾನಕ್ಕೆ ಕರಗುತ್ತದೆ. ಸಿಂಥೆಸಿಸ್ ಇಲ್ಲ, ಖರ್ಚು ಕಮ್ಮಿ. ಆದರೆ ಸಸಿಯ ಇಡೀ ರಸದಲ್ಲಿ ಅಪರೂಪದ ಪ್ರೋಟೀನಿನ ಈ ಸಣ್ಣ ವ್ಯತ್ಯಾಸ ಜೆಲ್ಲಿನಲ್ಲಿ ಕಾಣುವುದೇ ಇಲ್ಲ. ನನಗಂತೂ ಕಾಣಲಿಲ್ಲ. ಪ್ರೋನೇಸ್ ಎರಡು ನಿಮಿಷ ಜಾಸ್ತಿಯಾದರೂ ಎಲ್ಲ ಗಂಜಿ.

ಗೊತ್ತಿಲ್ಲದ ರಿಸೆಪ್ಟರ್ ಹುಡುಕುವುದಾದರೆ ನನ್ನ ಓಟು ಬೆಳಕಿನ ಪ್ರೋಬಿಗೆ. ಬಯೋಟಿನ್ನನ್ನು ಹಾರ್ಮೋನಿಗೆ ನೇರ ಕಟ್ಟುವುದನ್ನು ಇನ್ನೊಮ್ಮೆ ಮಾಡಲಾರೆ.

ಆದರೆ ಇವಳಿಗೆ ಇರುವುದು ಆರು ತಿಂಗಳು. ಡೈಅಜಿರೀನ್ ಕಟ್ಟಿಕೊಡುವ ಕೆಮಿಸ್ಟ್ ಇಲ್ಲ, ಸಿಕ್ಕ ಪ್ರೋಟೀನ್ ಯಾವುದು ಅಂತ ಗುರುತಿಸುವ ಮಾಸ್ ಸ್ಪೆಕ್ ಯಂತ್ರ ಇಲ್ಲ. "ಕೂಸೇ, ಡಾರ್ಟ್ಸೇ ಮಾಡು," ಅಂದೆ. ಗಿಡದ ರಸದಲ್ಲಿ ಬೇಡ. ಪಿವೈಆರ್1 ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿ ಶುದ್ಧ ಪ್ರೋಟೀನ್ ತೆಗೆದು, ಫಾಸ್ಫಟೇಸ್ ಜೊತೆಗಿದ್ದಾಗ ಒಂದು, ಇಲ್ಲದಾಗ ಒಂದು. ಒಂದೊಂದು ನಿಮಿಷಕ್ಕೂ ಬೇರೆ ಟ್ಯೂಬ್. ಅವಳು ಟ್ಯೂಬ್ ಲೆಕ್ಕ ಹಾಕತೊಡಗಿದಳು. ನಲವತ್ತೆರಡಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು.