ಬೋರ್ಡಿನ ಮೇಲಿನ ಮೂರನೇ ಹೆಸರು

ಮೈಸೂರು ಕೋರ್ಟಿನಲ್ಲಿ 14 ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿರುವ ನನಗೆ ಟಿವಿಯ ವಕೀಲರನ್ನು ಕಂಡರೆ ಮೊದಲು ನಗು, ಆಮೇಲೆ ಸಿಟ್ಟು. ಕೇಸು ಒಂದು ಗಂಟೆಯೊಳಗೆ ತೀರ್ಮಾನ, ಯಾರೂ ಡೇಟ್ ಕೇಳುವುದಿಲ್ಲ! ಆದರೂ ಅಮೆರಿಕದ ‘ದಿ ಗುಡ್ ಫೈಟ್’ ಸರಣಿಯ ಮೊದಲ ಕಂತನ್ನು (2017ರ ಫೆಬ್ರವರಿಯದು) ಎರಡೆರಡು ಸಲ ನೋಡಿದೆ. ಅದರಲ್ಲಿರುವ ಕೋರ್ಟಿಗಾಗಿ ಅಲ್ಲ, ಆಫೀಸಿಗಾಗಿ.

ಶುರುವಿನಲ್ಲೇ ಕತ್ತಲೆ ಕೋಣೆ. ಟ್ರಂಪ್ ಪ್ರಮಾಣವಚನ ತೆಗೆದುಕೊಳ್ಳುವುದನ್ನು ಡಯಾನ್ ಲಾಕ್‌ಹಾರ್ಟ್ ಬಾಯಿ ಅರೆತೆರೆದು ನೋಡುತ್ತಾಳೆ. ಮಾತಿಲ್ಲ, ಟಿವಿಯ ಬೆಳಕಷ್ಟೇ ಮುಖದ ಮೇಲೆ. ಆ ಪಾತ್ರದ ನಟಿ ಕ್ರಿಸ್ಟೀನ್ ಬರಾನ್ಸ್‌ಕಿಗೆ ಅಷ್ಟು ಸಾಕು. ಡಯಾನ್ ಬಿಳಿಯ ವಕೀಲೆ, ಷಿಕಾಗೋದಲ್ಲಿ ದೊಡ್ಡ ಹೆಸರು ಮಾಡಿದವಳು, ರಿಟೈರಾಗಿ ಫ್ರಾನ್ಸಿನಲ್ಲಿ ಮನೆ ಮಾಡಬೇಕೆಂದಿದ್ದವಳು. ಆಪ್ತಮಿತ್ರನ ಹಣಕಾಸು ವ್ಯವಹಾರ ಥೇಟ್ ನಮ್ಮ ಚೀಟಿ ಕಂಪನಿಗಳ ಹಾಗೆ ಮುಳುಗಿ, ಇವಳ ಉಳಿತಾಯವೂ ಅದರೊಟ್ಟಿಗೆ ಹೋಗುತ್ತದೆ. ಹಳೇ ಆಫೀಸು ವಾಪಸ್ ಸೇರಿಸಿಕೊಳ್ಳುವುದಿಲ್ಲ. ಕೊನೆಗೆ ಕರೆಯುವವನು, ಪೊಲೀಸ್ ಹೊಡೆತದ ಕೇಸಿನಲ್ಲಿ ಎದುರು ಪಕ್ಷದಲ್ಲಿದ್ದ ಏಡ್ರಿಯನ್ ಬೋಸ್‌ಮನ್. ಅವನದು ಕಪ್ಪು ಜನಾಂಗದವರು ಕಟ್ಟಿ ನಡೆಸುತ್ತಿರುವ ಸಂಸ್ಥೆ: ‘ರೆಡಿಕ್, ಬೋಸ್‌ಮನ್ ಅಂಡ್ ಕೋಲ್‌ಸ್ಟಾಡ್’. ನೀನೇ ನಮ್ಮ ‘ಡೈವರ್ಸಿಟಿ’ ನೇಮಕ (ಬೇರೆ ಜನಾಂಗದವರೂ ಇದ್ದಾರೆಂದು ತೋರಿಸಲು ಮಾಡುವ ನೇಮಕ) ಎಂದು ಅವಳನ್ನು ಕಿಚಾಯಿಸುತ್ತಾರೆ. ಬಿಳಿಯರ ಆಫೀಸುಗಳಲ್ಲಿ ಕಪ್ಪು ವಕೀಲರ ಬೆನ್ನ ಹಿಂದೆ ಆಡುವ ಮಾತನ್ನು ಇಲ್ಲಿ ತಿರುಗಿಸಿ ಹೊಡೆದಿದ್ದಾರೆ. ನಗು ಬಂತು, ಒಳಗೆ ಚುರುಕ್ಕೂ ಅಂದಿತು.

ನನ್ನ ಕಣ್ಣು ಮಾತ್ರ ಬಾರ್ಬರಾ ಕೋಲ್‌ಸ್ಟಾಡ್ ಮೇಲಿತ್ತು. ಬೋರ್ಡಿನ ಮೂರನೇ ಹೆಸರು ಅವಳದು. ಡಯಾನ್ ಬರುವುದು ಅವಳಿಗೆ ಅಷ್ಟೇನೂ ರುಚಿಸಿಲ್ಲ. ಆ ಪಾತ್ರದ ನಟಿ ಏರಿಕಾ ಟಾಜೆಲ್ ಅದನ್ನು ಗದ್ದಲವಿಲ್ಲದೆ, ಬೆನ್ನು ನೆಟ್ಟಗಿಟ್ಟುಕೊಂಡೇ ತೋರಿಸುತ್ತಾಳೆ. ಕಂತಿನ ದೊಡ್ಡ ಕೊರತೆಯೂ ಇಲ್ಲೇ ಇದೆ. ಕಣ್ಣೀರು, ಒಳ್ಳೊಳ್ಳೆ ಸೀರೆ, ಅಲ್ಲ ಸೂಟು, ಕ್ಯಾಮೆರಾ ಎಲ್ಲ ಡಯಾನ್‌ಗೆ. ಸಂಸ್ಥೆ ಕಟ್ಟಿದವಳಿಗೆ ಸಿಕ್ಕಿದ್ದು ನಾಲ್ಕು ಬಿಗಿಮುಖದ ದೃಶ್ಯ. ಕಪ್ಪು ವಕೀಲರ ಆಫೀಸು ಬಿಳಿಯ ನಾಯಕಿಯ ಕಷ್ಟಕ್ಕೆ ಛತ್ರವಾಗಿಬಿಟ್ಟಿದೆ.

ಆ ಬಿಗಿಮುಖ ನನಗೆ ಗೊತ್ತು. ನಾನು ಜೂನಿಯರ್ ಆಗಿದ್ದ ಛೇಂಬರಿನಲ್ಲಿ ಒಂಬತ್ತು ವರ್ಷ ವಕಾಲತ್ತು ಬರೆದು, ಫೈಲಿಗೆ ದಾರ ಕಟ್ಟಿ, ಸಾಕ್ಷಿಗಳ ಪಾಟೀಸವಾಲು ತಯಾರು ಮಾಡಿದ್ದೆ. ಒಂದು ಸೋಮವಾರ ಹೋದರೆ ಬಾಗಿಲ ಬೋರ್ಡಿನಲ್ಲಿ ಸೀನಿಯರ್ ಅಳಿಯನ ಹೆಸರು. ಬಣ್ಣ ಇನ್ನೂ ಒಣಗಿರಲಿಲ್ಲ. “ಏನಮ್ಮಾ, ಸ್ವೀಟ್ ತಗೊಂಡ್ಯಾ?” ಅಂದರು ಸೀನಿಯರ್. ತಗೊಂಡೆ, ಮೈಸೂರು ಪಾಕು. ವಕೀಲರ ಬೋರ್ಡು ಅಳತೆ ಮೀರಬಾರದು ಎಂದು ಬಾರ್ ಕೌನ್ಸಿಲ್ ನಿಯಮವಿದೆ. ಯಾರ ಹೆಸರು ಹಾಕಬೇಕು ಅನ್ನುವುದಕ್ಕೆ ಎಲ್ಲಿದೆ ನಿಯಮ?

ಇಷ್ಟಾದರೂ ನೋಡಿ ಎಂದೇ ಹೇಳುತ್ತೇನೆ. ಮುಂದಕ್ಕೂ ಹೋಗಿ, ಯಾಕೆಂದರೆ ಬರೆದವರಿಗೇ ಆಮೇಲೆ ಇದು ಕಾಡಿದೆ. 2021ರ ಐದನೇ ಸೀಸನ್ನಿನಲ್ಲಿ, ಕಪ್ಪು ಜನರ ಸಂಸ್ಥೆಯ ತಲೆಯ ಮೇಲೆ ಬಿಳಿಯ ಹೆಂಗಸು ಯಾಕೆ ಎಂದು ಆಫೀಸಿನೊಳಗೇ ಜಗಳ ಏಳುತ್ತದೆ. ಬಾರ್ಬರಾ ಅದನ್ನು ನೋಡಲು ಅಲ್ಲಿಲ್ಲ. ಎರಡನೇ ಸೀಸನ್ನಿಗೇ ಬೇರೆ ಸಂಸ್ಥೆಗೆ ಹೋಗಿರುತ್ತಾಳೆ. ಬೋರ್ಡಿನಲ್ಲಿ ‘ರೆಡಿಕ್, ಬೋಸ್‌ಮನ್ ಅಂಡ್ ಲಾಕ್‌ಹಾರ್ಟ್’ ಎಂದಾಗಿರುತ್ತದೆ.