ಅಂಬಾಸಿಡರ್ ಹೆಡ್‌ಲೈಟಿಗೆ ರಿಲೇ: ರೆಡಿಮೇಡ್ ಕಿಟ್ಟೋ, ಕೈಯಾರೆ ಕಟ್ಟಿದ ವೈರಿಂಗೋ?

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.6 ವೋಲ್ಟ್, ಅದೇ ಹೊತ್ತಿಗೆ ಹೆಡ್‌ಲೈಟ್ ಹೋಲ್ಡರಿನಲ್ಲಿ 11.6. ರಿಲೇ ಇಲ್ಲದ ಹಳೇ ಅಂಬಾಸಿಡರಿನಲ್ಲಿ, ಲೋ ಬೀಮ್ ಹಾಕಿ ಅಳೆದದ್ದು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು. ಎರಡು ವೋಲ್ಟ್ ತಾನೇ ಎಂದು ಬಿಡುವಂತಿಲ್ಲ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮ ಇಳಿಯುವುದಿಲ್ಲ, ಸುಮಾರು ಅದರ 3.4ನೇ ಘಾತದಲ್ಲಿ ಕುಸಿಯುತ್ತದೆ. ಅಂದರೆ ಸಿಗಬೇಕಾದ ಬೆಳಕಿನ ಶೇ. 60 ಕೂಡ ರಸ್ತೆಗೆ ಬೀಳುತ್ತಿಲ್ಲ. ಅದೇ ಗಾಡಿಗೆ ರೆಡಿಮೇಡ್ ರಿಲೇ ಕಿಟ್ ಹಾಕಿದಾಗ 12.6 ಬಂತು. ಅದನ್ನು ಬಿಚ್ಚಿ, ವೈರು ತಂದು ಕೈಯಾರೆ ಕಟ್ಟಿದಾಗ 13.3. ಬಲ್ಬು ಮಾತ್ರ ಉದ್ದಕ್ಕೂ ಅದೇ 60/55 ವಾಟಿನ ಎಚ್4, ಅಂದರೆ ಹೈಗೊಂದು, ಲೋಗೊಂದು ಫಿಲಮೆಂಟ್ ಇರುವ ಹ್ಯಾಲೊಜೆನ್. ನನ್ನ ಓಟು ಯಾವುದಕ್ಕೆಂದು ಬೇರೆ ಹೇಳಬೇಕಿಲ್ಲ.

ವೋಲ್ಟೇಜ್ ಸೋರುವುದು ದಾರಿಯಲ್ಲಿ. ಬ್ಯಾಟರಿಯಿಂದ ಹೊರಟ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಕಾಲಡಿಯ ಡಿಪ್ಪರಿಗೆ (ಹೈ, ಲೋ ಬದಲಿಸುವ ಸ್ವಿಚ್ಚು) ಇಳಿದು, ಆಮೇಲೆ ಮುಂದಿನ ಬುಲೆಟ್ ಕನೆಕ್ಟರುಗಳನ್ನು (ವೈರು ಜೋಡಿಸುವ ಗುಂಡುತುದಿಯ ಕೊಂಡಿಗಳು) ದಾಟಿ ಲೈಟು ಮುಟ್ಟಬೇಕು. ಆ ಡಿಪ್ಪರ್ ಇರುವ ಜಾಗವೋ, ಕೆಸರು ಚಪ್ಪಲಿ ತಂದ ನೀರೆಲ್ಲ ಇಂಗುವ ಜಾಗ. ಎರಡು ಲೈಟಿನ ಸುಮಾರು 9 ಆಂಪಿಯರ್ ಇದರೊಳಗೇ ಹಾಯಬೇಕು. ರಿಲೇ ಹಾಕಿದರೆ ಸ್ವಿಚ್ಚಿನ ಪಾಲಿಗೆ ಉಳಿಯುವುದು ರಿಲೇಯೊಳಗಿನ ಕಾಯಿಲಿನ 0.15 ಆಂಪಿಯರ್ ಮಾತ್ರ.

ಇನ್ನೆರಡು ದಾರಿಗಳಿವೆ, ಎರಡನ್ನೂ ಬೇಗ ಮುಗಿಸುತ್ತೇನೆ. 100/90 ವಾಟಿನ ಬಲ್ಬನ್ನು ಹಳೇ ವೈರಿಂಗಿಗೇ ಸಿಕ್ಕಿಸುವುದು ಒಂದು. ಹೈ ಬೀಮಿನಲ್ಲಿ ಸುಮಾರು 17 ಆಂಪಿಯರ್ ಎಳೆದು ಹೋಲ್ಡರ್ ಕರಗುತ್ತದೆ, ಡೂಮಿನ (ಬೆಳಕನ್ನು ಮುಂದಕ್ಕೆ ಎಸೆಯುವ ಬಟ್ಟಲು) ಒಳಗಿನ ಬೆಳ್ಳಿಲೇಪ ಕಂದುತ್ತದೆ. ಬ್ರಿಟಿಷ್ ಕಂಪನಿ ಲೂಕಾಸ್ ಪದ್ಧತಿಯ ಹಳೇ ವೈರಿಂಗಿನಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇರುವುದಿಲ್ಲ ಎನ್ನುವುದು ನೆನಪಿರಲಿ. ಡೈನಮೊ ಗಾಡಿಯಾದರೆ ಅದು ಕೊಡುವುದೇ ಹೆಚ್ಚೆಂದರೆ 20 ಆಂಪಿಯರಿನ ಆಸುಪಾಸು. ವೈಪರ್ ಹಾಕಿದರೆ ಬ್ಯಾಟರಿಯ ಚಾರ್ಜು ಇಳಿಯತೊಡಗುತ್ತದೆ. ಇನ್ನೊಂದು ಎಲ್‌ಇಡಿ ಬಲ್ಬು. ಹ್ಯಾಲೊಜೆನ್ ಡೂಮಿನಲ್ಲಿ ಅದರ ಬೆಳಕು ಹದವಾಗಿ ಕೂರುವುದಿಲ್ಲ, ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಬೇಡ.

ಕಿಟ್ಟಿನ ಒಳ್ಳೆಯ ಗುಣ ಒಂದೇ: ಬೇಗ ಕೂರುತ್ತದೆ. ಅದೂ ಗಾಡಿಯಲ್ಲಿ ಮೂರು ಪಿನ್ನಿನ ಎಚ್4 ಹೋಲ್ಡರ್ ಇದ್ದರೆ. ಹಳೇ ಅಂಬಾಸಿಡರಿನಲ್ಲಿ ಮೂರು ಬಿಡಿ ಬುಲೆಟ್ಟುಗಳಿದ್ದರೆ ಕಿಟ್ಟಿನ ಪ್ಲಗ್ಗಿಗೆ ಜಾಗವೇ ಇಲ್ಲ, ಕತ್ತರಿ ಹಿಡಿಯಲೇಬೇಕು. ಹೋಲ್ಡರ್ ಇದ್ದರೂ ಕಿಟ್ಟು ಸಿಗ್ನಲ್ ತೆಗೆದುಕೊಳ್ಳುವುದು ಒಂದು ಬದಿಯಿಂದ ಮಾತ್ರ. ಇನ್ನೊಂದು ಬದಿಯ ಹಳೇ ಹೋಲ್ಡರ್ ಕರೆಂಟು ಹೊತ್ತು, ಫ್ಯೂಸಿಲ್ಲದೆ, ನೇತಾಡುತ್ತಿರುತ್ತದೆ. ಅದಕ್ಕೆ ಸ್ಲೀವ್ ಹಾಕಿ ಕಟ್ಟಿಡಿ.

ವೈರಿನ ದಪ್ಪ ನೋಡಿ ಮೋಸಹೋಗಬಾರದು. ಅಗ್ಗದ ಕಿಟ್ಟಿನಲ್ಲಿ ದಪ್ಪವಿರುವುದು ಪ್ಲಾಸ್ಟಿಕ್ಕು. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ ಇರುವ ಸಂಭವವೇ ಹೆಚ್ಚು. ಬೆಸುಗೆ ಸರಿಯಾಗಿ ಹಿಡಿಯದು, ಕ್ರಿಂಪು (ಒತ್ತಿ ಕೂರಿಸಿದ ಜೋಡಣೆ) ಕಾಲಕ್ರಮೇಣ ಸಡಿಲವಾಗುತ್ತದೆ.

ಆದರೂ ನಿಜವಾದ ಕಿರಿಕಿರಿ ಪಾಸಿಟಿವ್ ಕಡೆ ಅಲ್ಲ, ಅರ್ತಿನ ಕಡೆ, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಯಲ್ಲಿ. ಕಿಟ್ಟು ಹಾಕಿದ ಮೇಲೂ ಕಳೆದುಹೋಗುತ್ತಿದ್ದ ಒಂದು ವೋಲ್ಟಿನಲ್ಲಿ 0.6 ಅರ್ತಿನಲ್ಲೇ ಹೋಗುತ್ತಿತ್ತು. ಕಿಟ್ಟಿನಲ್ಲಿ ಪ್ರತಿ ಲೈಟಿಗೂ ಒಂದು ಗೇಣುದ್ದದ ಕಪ್ಪು ವೈರ್ ಕೊಟ್ಟಿರುತ್ತಾರೆ, ಪಕ್ಕದ ಯಾವುದಾದರೂ ಬೋಲ್ಟಿಗೆ ಕಚ್ಚಿಸಿ ಅಂತ. ಆ ಬೋಲ್ಟಿನ ಕೆಳಗೆ ಪದರ ಪದರವಾಗಿ ಪೇಂಟು, ಅದರ ಕೆಳಗೆ ತುಕ್ಕು. ಅಲ್ಲಿಂದ ಬ್ಯಾಟರಿಯ ನೆಗೆಟಿವ್ ತನಕ ಕರೆಂಟು ತುಕ್ಕು ಹಿಡಿದ ತಗಡಿನ ಜೋಡಣೆಗಳ ಮೇಲೇ ಸಾಗಬೇಕು.

ಇದನ್ನು ಹಿಡಿಯುವುದು ಸುಲಭ. ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಹೋಲ್ಡರಿನ ಅರ್ತ್ ಪಿನ್ನಿನ ಹಿಂಬದಿಗೆ. 0.1 ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ. ಲೈಟ್ ಹಾಕದೆ ಓಮ್ಸ್ ಇಟ್ಟು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ನಂಬಬೇಡಿ.

ಇದರಲ್ಲೊಂದು ಉಪಕತೆ ಇದೆ. ಎಚ್4 ಬಲ್ಬಿನ ಎರಡು ಫಿಲಮೆಂಟಿಗೂ ಅರ್ತ್ ಪಿನ್ ಒಂದೇ. ಎಡಗಡೆ ಅರ್ತ್ ಕಡಿದರೆ, ಲೋ ಬೀಮಿನ ಕರೆಂಟು ಅದೇ ಬಲ್ಬಿನ ಹೈ ಫಿಲಮೆಂಟಿನಿಂದ ಹಿಂದಕ್ಕೆ ಹರಿದು, ಹೈ ಬೀಮಿನ ವೈರಿನಲ್ಲಿ ಸಾಗಿ, ಬಲಗಡೆಯ ಬಲ್ಬಿನ ಮೂಲಕ ಅರ್ತ್ ಹುಡುಕಿಕೊಳ್ಳುತ್ತದೆ. ಹಳೇ ವೈರಿಂಗಿನಲ್ಲಾದರೆ ಡ್ಯಾಶ್‌ಬೋರ್ಡಿನ ಹೈ ಬೀಮ್ ದೀಪ ಆಗ ಮಂದವಾಗಿ ಉರಿದು ಸುಳಿವು ಕೊಡುತ್ತಿತ್ತು. ರಿಲೇ ಹಾಕಿದ ಮೇಲೆ ಆ ದೀಪ ಸ್ವಿಚ್ಚಿನ ಕಡೆಗೆ ಉಳಿದು ಬಲ್ಬಿನಿಂದ ಬೇರೆಯಾಗುತ್ತದೆ. ಹಾಗಾಗಿ ಒಂದು ಲೈಟ್ ಮಂಕಾದರೂ ಒಳಗೆ ಕೂತವರಿಗೆ ತಿಳಿಯುವುದಿಲ್ಲ. ರಿಲೇ ಹಾಕುವುದಾದರೆ ಅರ್ತನ್ನು ಹೊಸದಾಗಿ ಎಳೆಯಲೇಬೇಕು ಅನ್ನುವುದು ಇದಕ್ಕೇ.

ಕೈಯಾರೆ ಕಟ್ಟುವಾಗ ಎರಡೂ ಲೈಟಿನಿಂದ 2.5 ಚದರ ಮಿ.ಮೀ. ಕಪ್ಪು ವೈರು ನೇರ ಬ್ಯಾಟರಿ ನೆಗೆಟಿವ್‌ಗೇ ಬರುತ್ತದೆ, ಬಾಡಿಯ ಹಂಗಿಲ್ಲ. ಪಾಸಿಟಿವ್‌ಗೆ 4 ಚದರ ಮಿ.ಮೀ., ಹೊರಟ ಜಾಗದಿಂದ ಒಂದು ಗೇಣಿನೊಳಗೇ 30 ಆಂಪಿಯರ್ ಫ್ಯೂಸು. ರಿಲೇಯಿಂದ ಬಲ್ಬಿಗೆ 2.5. ನಾಲ್ಕು ಮನೆಯ ಫ್ಯೂಸ್ ಬಾಕ್ಸಿನಲ್ಲಿ ಎಡ ಲೋ, ಬಲ ಲೋ, ಎಡ ಹೈ, ಬಲ ಹೈ, ತಲಾ 10 ಆಂಪಿಯರ್. ಕಿಟ್ಟಿನಲ್ಲಿ ಎಲ್ಲಕ್ಕೂ ಸೇರಿ ಇದ್ದದ್ದು ಒಂದೇ ಫ್ಯೂಸು. ಚಾರ್ಮಾಡಿಯ ತಿರುವಿನಲ್ಲಿ ಅದು ಹೋದರೆ ಎರಡೂ ಕಣ್ಣು ಒಟ್ಟಿಗೆ ಮುಚ್ಚುತ್ತವೆ.

ಬ್ಯಾಟರಿ ಬಿಚ್ಚಿಟ್ಟೇ ಕೆಲಸ ಶುರುಮಾಡಿ. ಲೂಕಾಸ್ ಬಣ್ಣಗಳ ಪ್ರಕಾರ ನೀಲಿ-ಕೆಂಪು ಲೋ, ನೀಲಿ-ಬಿಳಿ ಹೈ. ಇವು ಕ್ರಮವಾಗಿ ಎರಡು ರಿಲೇಗಳ 86 ಎಂದು ಬರೆದ ಪಿನ್ನಿಗೆ. 85 ಅರ್ತಿಗೆ, 30 ಬ್ಯಾಟರಿ ಫೀಡಿಗೆ, 87 ಫ್ಯೂಸ್ ಬಾಕ್ಸಿಗೆ. ನಡುವೆ ಎಷ್ಟು ಎಲೆಕ್ಟ್ರಿಷಿಯನ್ನರ ಕೈ ಆಡಿದೆಯೋ, ಬಣ್ಣ ನಂಬದೆ ಟೆಸ್ಟ್ ಲ್ಯಾಂಪಿನಿಂದ ಖಚಿತಮಾಡಿಕೊಳ್ಳಿ. ಐದು ಪಿನ್ನಿನ ರಿಲೇಯಲ್ಲಿ ನಡುವಿನದು 87ಎ ಆಗಿದ್ದರೆ ಅದಕ್ಕೆ ವೈರ್ ಕೊಡಬೇಡಿ, ಸ್ವಿಚ್ ಆರಿಸಿದಾಗಲೇ ಲೈಟು ಉರಿಯುತ್ತದೆ. ಪಿನ್ ಕೆಳಮುಖವಾಗಿರುವಂತೆ ರಿಲೇ ಕೂರಿಸಿ, ಮಳೆನೀರು ನಿಲ್ಲಬಾರದು.

ಆಮ್‌ಮೀಟರ್ (ಬ್ಯಾಟರಿಗೆ ಹೋಗಿಬರುವ ಕರೆಂಟು ತೋರಿಸುವ ಮೀಟರು) ಇರುವ ಗಾಡಿಯಲ್ಲಿ ಫೀಡನ್ನು ನೇರ ಬ್ಯಾಟರಿಯಿಂದ ತೆಗೆದರೆ ಲೈಟಿನ 9 ಆಂಪಿಯರನ್ನೂ ಮುಳ್ಳು ‘ಚಾರ್ಜ್’ ಎಂದೇ ತೋರಿಸುತ್ತದೆ. ಆಲ್ಟರ್ನೇಟರ್ ಇದ್ದರೆ ಅದರ ಕರೆಂಟು ಹೊರಬರುವ ದಪ್ಪ ಬಿ+ ಬೋಲ್ಟಿನಿಂದ ತೆಗೆಯುವುದು ನನಗಿಷ್ಟ. ವೋಲ್ಟೇಜೂ ಅಲ್ಲೇ ಹೆಚ್ಚು.

ಖರ್ಚು ಅಗ್ಗದ ಕಿಟ್ಟಿಗಿಂತ ಸುಮಾರು ಒಂದೂವರೆಪಟ್ಟು. ಬೆಂಗಳೂರಾದರೆ ರಿಲೇ, ಫ್ಯೂಸ್ ಬಾಕ್ಸ್, ಪಿಂಗಾಣಿ ಹೋಲ್ಡರ್ ಜೆ.ಸಿ. ರೋಡಿನಲ್ಲಿ ಸಿಗುತ್ತವೆ. ಕೈಗೆ ಒಳ್ಳೆ ಕ್ರಿಂಪಿಂಗ್ ಪ್ಲೈಯರ್ ಬೇಕು. ಸಾದಾ ಇಕ್ಕಳದಲ್ಲಿ ಒತ್ತಿದ ಲಗ್ಗಿಗಿಂತ (ವೈರಿನ ತುದಿಯ ಲೋಹದ ಕೊಂಡಿ) ಕಿಟ್ಟೇ ವಾಸಿ. ರಾತ್ರಿ ಹೆದ್ದಾರಿ, ಘಾಟಿ ಓಡಿಸುವವರು ಕೈಯಾರೆ ಕಟ್ಟಿಕೊಳ್ಳಿ. ಭಾನುವಾರ ಊರೊಳಗೆ ಒಂದು ಸುತ್ತು ಹಾಕಿ ಶೆಡ್ಡಿಗೆ ಬಿಡುವ ಗಾಡಿಗೆ ತಾಮ್ರದ ವೈರಿನ ಕಿಟ್ಟು ಸಾಕು, ಆದರೆ ಅದರ ಅರ್ತ್ ವೈರುಗಳನ್ನು ಕತ್ತರಿಸಿ ಬ್ಯಾಟರಿ ತನಕ ಹೊಸ ವೈರು ಎಳೆಯಿರಿ. ಅಷ್ಟರಿಂದಲೇ ಕಾಲು, ಅರ್ಧ ವೋಲ್ಟ್ ವಾಪಸ್ ಬರುತ್ತದೆ.

ಯಾವುದೇ ಹಾಕಿದರೂ ಕೊನೆಗೆ ಫೋಕಸ್ ಮತ್ತೆ ಹೊಂದಿಸಬೇಕು. ಮಂದ ಬೆಳಕಿಗೆಂದು ಯಾರೋ ಡೂಮನ್ನು ಮೇಲೆತ್ತಿಟ್ಟಿರುತ್ತಾರೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 7.5 ಮೀಟರ್ ದೂರ ನಿಲ್ಲಿಸಿ, ಲೋ ಬೀಮಿನ ಅಂಚು ಲೈಟಿನ ನಡುಮಟ್ಟಕ್ಕಿಂತ ಸುಮಾರು 7.5 ಸೆಂ.ಮೀ. ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ಹಿಂದಿನ ಸೀಟಿನಲ್ಲಿ ಜನ ತುಂಬಿ ಹೋಗುವುದೇ ಹೆಚ್ಚಾದರೆ, ಜನರನ್ನು ಕೂರಿಸಿಯೇ ಹೊಂದಿಸಿ.